ಅಟ್ಟದಿಂದ ಇಳಿಸಿದ ಟಿವಿ ಗೇಮ್: ಬಂದೂಕು ಗುರಿ ಹಿಡಿಯುತ್ತಿಲ್ಲ ಏಕೆ?

ಅಟ್ಟದ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಊರಿನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಮೇಲಿನ ರಟ್ಟಿನ ಡಬ್ಬಿಯೊಂದರಲ್ಲಿ ನನ್ನ ಹಳೆಯ ಟಿವಿ ಗೇಮ್ ಸಿಕ್ಕಿತು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತೆಂದು 1996ರಲ್ಲಿ ಅಪ್ಪ ಶಿವಮೊಗ್ಗದಿಂದ ತಂದುಕೊಟ್ಟದ್ದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು ಅದು ಎಂಬುದು ತಿಳಿಯುವ ಹೊತ್ತಿಗೆ ನನಗೆ ಮದುವೆಯೂ ಆಗಿತ್ತು. ನಮ್ಮ ಕೇರಿಯಲ್ಲಿ ಅದಕ್ಕಿದ್ದ ಹೆಸರು ‘ಟಿವಿ ಗೇಮ್’ ಎಂದಷ್ಟೇ. ಜೊತೆಗಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಅಚ್ಚಾಗಿದೆ. ಒಳಗಿರುವುದು ಕೆಲವೇ ಆಟಗಳು, ಅವೇ ಬೇರೆ ಬೇರೆ ಹೆಸರು ಹೊತ್ತು ಮತ್ತೆ ಮತ್ತೆ ಬರುತ್ತವೆ ಎಂಬುದನ್ನು ನಾನೂ ತಮ್ಮನೂ ಒಂದು ಬೇಸಿಗೆ ರಜೆಯಿಡೀ ನೋಟ್‌ಪುಸ್ತಕದಲ್ಲಿ ಪಟ್ಟಿ ಬರೆದು ಕಂಡುಕೊಂಡಿದ್ದೆವು.

ಧೂಳು ಒರೆಸಿ, ಹೊಸ ಟಿವಿಯ ಹಿಂದಿರುವ ಎವಿ ರಂಧ್ರಗಳಿಗೆ ವೈರುಗಳನ್ನು ಸಿಕ್ಕಿಸಿದಾಗ ಮಾರಿಯೊ ಕೂಡಲೇ ಓಡತೊಡಗಿದ. ಯಂತ್ರದ ಜೊತೆ ಬಂದ ಆಟಿಕೆ ಬಂದೂಕಿನಿಂದ ಪರದೆಯ ಮೇಲಿನ ಬಾತುಕೋಳಿ ಹೊಡೆಯುವ ಆಟ ಮಾತ್ರ ನಡೆಯುತ್ತಿಲ್ಲ. ಬಾತುಕೋಳಿ ಹಾರುತ್ತದೆ, ಟ್ರಿಗರ್ ಎಳೆದರೆ ಸದ್ದಾಗುತ್ತದೆ, ಆದರೆ ಗುಂಡು ಒಂದಕ್ಕೂ ತಾಗುವುದಿಲ್ಲ. ಪೊದೆಯಿಂದ ಎದ್ದ ನಾಯಿ ನಗುತ್ತದೆ. ಟಿವಿಯ ಹತ್ತಿರಕ್ಕೆ ಹೋಗಿ ಪರದೆಗೇ ಬಂದೂಕು ತಾಗಿಸಿದರೂ ಅಷ್ಟೇ. ಬಂದೂಕು ಕೆಟ್ಟಿರಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಇನ್ನೊಂದು ವಿಷಯವನ್ನೂ ನಿಮ್ಮ ಮುಂದಿಡುತ್ತೇನೆ. ನಾನು ಮಾರಿಯೊ ಆಟದ ಎಂಟನೆಯ ಲೋಕವನ್ನು ದಾಟಿ ರಾಜಕುಮಾರಿಯನ್ನು ಬಿಡಿಸಿದಾಗ, ಪಕ್ಕದಲ್ಲಿ ಕುಳಿತಿದ್ದ ಹನ್ನೊಂದು ವರ್ಷದ ಮಗಳು, “ಅಪ್ಪಾ, ಮುಂದಿನ ಸೀಸನ್ ಯಾವಾಗ ಬರುತ್ತದೆ?” ಎಂದು ಕೇಳಿದಳು. ಇಲ್ಲ ಮಗಾ, ಆಟ ಮುಗಿಯಿತು ಎಂದೆ. ಆಟವೊಂದು ಮುಗಿದುಹೋಗುತ್ತದೆ ಎಂಬ ಮಾತು ಅವಳಿಗೆ ಅರ್ಥವಾಗಲೇ ಇಲ್ಲ. ಅಂದಿನಿಂದ ಅದೇ ಯೋಚನೆ ತಲೆಯಲ್ಲಿ ಉಳಿದಿದೆ. ಆಟಗಳು ಎಷ್ಟು ಬದಲಾಗಿವೆ ಎಂದರೆ ನಾವೆಲ್ಲ ಚಿತ್ರದ ಚೆಂದವನ್ನು ಹೇಳುತ್ತೇವೆ. ನಿಜವಾದ ಬದಲಾವಣೆ ಆಗಿರುವುದು ಬೇರೆಲ್ಲೋ ಅನ್ನಿಸುತ್ತಿದೆ.

ಬಿಟ್ಟು ಬೈಟು

ಬಂದೂಕು ಕೆಟ್ಟಿರುವ ಸಾಧ್ಯತೆ ಕಡಿಮೆ. ಅದರಿಂದ ಏನೂ ಹೊರಗೆ ಹಾರುವುದಿಲ್ಲ. ಅದು ಟಿವಿಯಿಂದ ಬರುವ ಬೆಳಕನ್ನು ನೋಡುವ ಒಂದು ಕಣ್ಣು. ನೀವು ಟ್ರಿಗರ್ ಎಳೆದ ತಕ್ಷಣ ಯಂತ್ರವು ಇಡೀ ಪರದೆಯನ್ನು ಕಪ್ಪಾಗಿಸಿ, ಮರುಕ್ಷಣವೇ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿಯ ಚೌಕವೊಂದನ್ನು ಬಿಡಿಸುತ್ತದೆ. ಸೆಕೆಂಡಿಗೆ 50-60 ಚಿತ್ರಗಳು ಸಾಗುವುದರಿಂದ ನಮಗೆ ಅದು ಒಂದು ಮಿಂಚಿನಂತೆ ಕಾಣುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಗುರಿ ತಾಗಿದೆ ಎಂದು ಲೆಕ್ಕ. ಚಿಕ್ಕವರಿದ್ದಾಗ ನೀವೂ ಬಲ್ಬಿನ ಕಡೆಗೆ ಗುರಿಯಿಟ್ಟು ಯಂತ್ರಕ್ಕೆ ಮೋಸ ಮಾಡಲು ನೋಡಿರಬಹುದು. ಆ ಕತ್ತಲೆಯ ಕ್ಷಣವನ್ನು ಇಟ್ಟಿರುವುದೇ ಅದನ್ನು ತಡೆಯಲು.

ಪಿಕ್ಚರ್ ಟ್ಯೂಬ್ ಇದ್ದ ಹಳೆಯ ಟಿವಿಯಲ್ಲಿ ಯಂತ್ರ ಕಳಿಸಿದ ಗೆರೆ ಆ ಕ್ಷಣದಲ್ಲೇ ಪರದೆಯ ಮೇಲೆ ಹೊಳೆಯುತ್ತಿತ್ತು. ಇಂದಿನ ಟಿವಿ ಹಾಗಲ್ಲ, ಬಂದ ಚಿತ್ರವನ್ನು ತನ್ನೊಳಗೆ ಇಟ್ಟುಕೊಂಡು, ತಿದ್ದಿ, ಹಿಗ್ಗಿಸಿ, ಸೆಕೆಂಡಿನ ನೂರರಲ್ಲಿ ಕೆಲವು ಪಾಲು ತಡವಾಗಿ ತೋರಿಸುತ್ತದೆ. ಬಿಳಿಯ ಚೌಕ ಪರದೆಗೆ ಬರುವಷ್ಟರಲ್ಲಿ ಯಂತ್ರವು ಬಂದೂಕನ್ನು ಕೇಳಿ, “ಏನೂ ಕಾಣಲಿಲ್ಲ” ಎಂಬ ಉತ್ತರವನ್ನೂ ಪಡೆದಾಗಿರುತ್ತದೆ. ಅಲ್ಲದೆ ಆ ಬಂದೂಕಿನೊಳಗಿನ ಸರ್ಕ್ಯೂಟನ್ನು ಪಿಕ್ಚರ್ ಟ್ಯೂಬಿನ ಮಿನುಗಿಗೆ ಹೊಂದುವಂತೆಯೇ ಮಾಡಿರುತ್ತಾರೆ. ಹಳೆಯ ಟಿವಿಯೊಂದನ್ನು ಹುಡುಕಿ, ಅದೇ ಸುಲಭದ ದಾರಿ.

ಆ ಕಾಲದ ಆಟಗಳು ಯಂತ್ರದ ಮಿತಿಗೆ ಎಷ್ಟು ಅಂಟಿಕೊಂಡಿದ್ದವು ಎಂಬುದಕ್ಕೆ ಇದೊಂದು ಸಾಕ್ಷಿ. ಮಾರಿಯೊ ಆಟದಲ್ಲಿ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಸರಿಯಾಗಿ ನೋಡಿ. ಎರಡೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ. 1985ರ ಆ ಇಡೀ ಆಟ, ಅದರ 32 ಹಂತಗಳು, ಸಂಗೀತ, ಚಿತ್ರ ಎಲ್ಲ ಸೇರಿ 40 ಕಿಲೋಬೈಟಿನಲ್ಲಿ ಕುಳಿತಿರುವಾಗ ಪೊದೆಗೆಂದು ಬೇರೆ ಚಿತ್ರ ಬರೆಯಲು ಜಾಗವೆಲ್ಲಿ? 1978ರ ಸ್ಪೇಸ್ ಇನ್ವೇಡರ್ಸ್ ಆಟವನ್ನು ರೂಪಿಸಿದ ಟೊಮೊಹಿರೊ ನಿಶಿಕಾಡೊ ಅವರ ಯಂತ್ರಕ್ಕೆ ಅಷ್ಟೊಂದು ಶತ್ರುಗಳನ್ನು ಒಮ್ಮೆಗೇ ವೇಗವಾಗಿ ಚಲಿಸುವಂತೆ ಮಾಡುವ ಶಕ್ತಿ ಇರಲಿಲ್ಲ. ಹೊಡೆದು ಉರುಳಿಸಿದಂತೆಲ್ಲ ಬಿಡಿಸಬೇಕಾದ ಚಿತ್ರಗಳು ಕಡಿಮೆಯಾಗಿ, ಉಳಿದ ಶತ್ರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಂಡವು. ಅವರು ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿದರು. ಕೊನೆಯ ಒಂದು ಶತ್ರು ಉಳಿದಾಗ ಆಡುವವನ ಎದೆ ಹೊಡೆದುಕೊಳ್ಳುವುದು ಆ ದುರ್ಬಲ ಚಿಪ್ಪಿನ ದೆಸೆಯಿಂದ.

ಅಟ್ಟದ ಪೆಟ್ಟಿಗೆ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಬಹಳ ಧನ್ಯವಾದಗಳು. ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಒಂದು ಹಳೆಯ ಟಿವಿ ಇರಬೇಕು, ವಿಚಾರಿಸುತ್ತೇನೆ.

ಮಗಳ ಪ್ರಶ್ನೆಗೆ ಮರಳುತ್ತೇನೆ. ನಮ್ಮ ಯಂತ್ರದಲ್ಲಿ ಆಟವನ್ನು ಉಳಿಸಿಡುವ ಸೌಲಭ್ಯವೇ ಇರಲಿಲ್ಲ. ಏಳನೆಯ ಲೋಕಕ್ಕೆ ಹೋದಾಗ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಲೋಡ್ ಶೆಡ್ಡಿಂಗ್ ಇದ್ದ ಆ ವರ್ಷಗಳಲ್ಲಿ ನಾನು ಆ ಆಟ ಮುಗಿಸಲು ಎಂಟು ತಿಂಗಳು ಹಿಡಿಯಿತು. ಆದರೂ ಅದು ಮುಗಿಯಿತು, ನಾನು ಎದ್ದು ಹೊರಗೆ ಹೋದೆ. ಮಗಳ ಫೋನಿನಲ್ಲಿರುವ ಆಟಕ್ಕೆ ಕೊನೆಯೇ ಇಲ್ಲ. ಪ್ರತಿದಿನ ಬಾ, ಉಡುಗೊರೆ ತೆಗೆದುಕೋ, ಏಳು ದಿನ ತಪ್ಪದೆ ಬಂದರೆ ಹೆಚ್ಚು ಉಡುಗೊರೆ ಎನ್ನುತ್ತದೆ. ಒಂದು ದಿನ ಹಬ್ಬಕ್ಕೆ ಹೋಗಿ ತಪ್ಪಿದರೆ ಮಗು ಕಳವಳಗೊಳ್ಳುತ್ತದೆ. ಆಡುವವಳು ಆಟವನ್ನು ಕರೆಯುತ್ತಿಲ್ಲ, ಆಟವೇ ಅವಳನ್ನು ಕರೆಯುತ್ತಿದೆ.

ನಾಲ್ಕಾಣೆ

ಅಟ್ಟದ ಪೆಟ್ಟಿಗೆಯವರ ಕಳವಳ ನನಗೆ ಅರ್ಥವಾಗುತ್ತದೆ, ಆದರೆ ಹಳೆಯ ಕಾಲದಲ್ಲಿ ಆಟಗಳು ದುಡ್ಡಿನ ಹಿಂದೆ ಬಿದ್ದಿರಲಿಲ್ಲ ಎಂಬಂತೆ ಮಾತಾಡಿದರೆ ತಪ್ಪಾಗುತ್ತದೆ. ವಿಡಿಯೊ ಗೇಮ್ ಮನೆಮನೆಗೆ ಹರಡುವ ಮೊದಲೇ ನಾಣ್ಯದ ಪೆಟ್ಟಿಗೆಯಾಗಿ ಬೆಳೆದಿತ್ತು. 1972ರಲ್ಲಿ ಅಟಾರಿ ಕಂಪನಿಯ ಆಲನ್ ಅಲ್ಕಾರ್ನ್ ಕಟ್ಟಿದ ಪಾಂಗ್ ಆಟವನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಪಟ್ಟಣದ ಒಂದು ಪಾನಗೃಹದಲ್ಲಿ ಇಟ್ಟರು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂತು, ಹೋಗಿ ತೆರೆದು ನೋಡಿದರೆ ನಾಣ್ಯಗಳು ತುಂಬಿ ಸಿಕ್ಕಿಕೊಂಡಿದ್ದವು. ಅಂದಿನ ಆಟಗಳು ಅಷ್ಟು ಕಠಿಣವಾಗಿದ್ದುದು ಏಕೆ? ಮೂರು ನಿಮಿಷದಲ್ಲಿ ನೀವು ಸತ್ತರೆ ತಾನೇ ಇನ್ನೊಂದು ನಾಣ್ಯ ಬೀಳುವುದು? ಪ್ಯಾಕ್‌ಮ್ಯಾನ್ ಆಟಕ್ಕೂ ಕೊನೆ ಎಂಬುದನ್ನು ಯಾರೂ ಬರೆದಿರಲಿಲ್ಲ. 256ನೆಯ ಹಂತದಲ್ಲಿ ಅರ್ಧ ಪರದೆ ಚೆಲ್ಲಾಪಿಲ್ಲಿಯಾಗುವುದು ಹಂತವನ್ನು ಎಣಿಸುವ, 255ರ ಆಚೆಗೆ ಹೋಗಲಾರದ ಎಂಟು ಬಿಟ್ಟಿನ ಲೆಕ್ಕ ತುಂಬಿಹೋಗುವುದರಿಂದ. ದಸರಾ ವಸ್ತುಪ್ರದರ್ಶನದ ಗೇಮ್ ಮಳಿಗೆಯಲ್ಲಿ ನಾನು ಕಳೆದುಕೊಂಡ ಹಣಕ್ಕೆ ಲೆಕ್ಕವಿಲ್ಲ.

ಬಿಟ್ಟು ಬೈಟು

ನೀವು ಹೇಳಿದ್ದು ಸತ್ಯ. ಆದರೂ ಒಂದು ದೊಡ್ಡ ವ್ಯತ್ಯಾಸ ಉಳಿಯುತ್ತದೆ. ನಾಣ್ಯ ಹಾಕಿದವನು ಯಾರೆಂದು ಆ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಸಾಹುಕಾರನ ಮಗನಿಗೂ ಹೋಟೆಲ್ ಮಾಣಿಗೂ ಅದು ಒಂದೇ ಬೆಲೆ, ಒಂದೇ ಕಷ್ಟ ಇಡುತ್ತಿತ್ತು. ಇಂದಿನ ಉಚಿತ ಆಟವು ನೀವು ಎಷ್ಟು ಹೊತ್ತಿಗೆ ಆಡುತ್ತೀರಿ, ಎಲ್ಲಿ ಸೋತು ಬಿಡುತ್ತೀರಿ, ಯಾವ ರಿಯಾಯಿತಿಗೆ ಒಮ್ಮೆ ಹಣ ಕೊಟ್ಟಿರಿ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಬಲ್ಲದು, ಆ ಲೆಕ್ಕದ ಮೇಲೆ ಮುಂದಿನ ಆಮಿಷವನ್ನು ಯಾರಿಗೆ ಯಾವಾಗ ತೋರಿಸಬೇಕೆಂದು ತೀರ್ಮಾನಿಸಬಲ್ಲದು.

ಈ ದಾರಿ ಒಮ್ಮೆಗೇ ತೆರೆದದ್ದಲ್ಲ. 2006ರಲ್ಲಿ ಆಬ್ಲಿವಿಯನ್ ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ, ಈಗಾಗಲೇ ಪೂರ್ತಿ ಬೆಲೆ ಕೊಟ್ಟವರು ಮತ್ತೇಕೆ ಕೊಡಬೇಕೆಂದು ಆಡುವವರು ಸಿಟ್ಟಾಗಿದ್ದರು. 2008ರಲ್ಲಿ ಆಪಲ್‌ನ ಆಪ್ ಸ್ಟೋರ್ ಬಂತು, ಬೆಲೆಗಳು ಇಳಿದು ಇಳಿದು ಸೊನ್ನೆಗೆ ಬಂದವು, ಗಳಿಕೆಯೆಲ್ಲ ಆಟದ ಒಳಗಿನ ಮಾರಾಟಕ್ಕೆ ಸರಿಯಿತು. ಇಂದು ಅಂಥ ಕವಚ ಮಾರಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಹಾಸನದ ಮೇಷ್ಟ್ರು

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಾಯಿಯ ಫೋನಿನ ಯುಪಿಐ ಮೂಲಕ ಒಂದು ಆಟದಲ್ಲಿ ಪೆಟ್ಟಿಗೆಗಳನ್ನು ಕೊಂಡು ಆರು ಸಾವಿರ ರೂಪಾಯಿ ಕಳೆದ. ಪೆಟ್ಟಿಗೆಯೊಳಗೆ ಏನಿದೆ ಎಂಬುದು ತೆರೆದ ಮೇಲೆಯೇ ತಿಳಿಯುವುದು. ಅವನನ್ನು ಬೈಯುವ ಬದಲು ನಾನು ಸಂಭವನೀಯತೆಯ ಪಾಠಕ್ಕೆ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ನೂರರಲ್ಲಿ ಒಂದು ಪೆಟ್ಟಿಗೆಯಲ್ಲಿ ಬೇಕಾದ ವಸ್ತು ಇದ್ದರೆ, ನೂರು ಪೆಟ್ಟಿಗೆ ಕೊಂಡವನಿಗೆ ಅದು ಖಂಡಿತ ಸಿಗುತ್ತದೆಯೇ? ತರಗತಿಯೆಲ್ಲ ಸಿಗುತ್ತದೆ ಎಂದಿತು. ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿದಾಗ ಸುಮಾರು ಶೇ 37ರಷ್ಟು ಜನರಿಗೆ ನೂರು ಪೆಟ್ಟಿಗೆಯ ನಂತರವೂ ಅದು ಸಿಗುವುದಿಲ್ಲ ಎಂದು ಬಂದಾಗ ಆ ಹುಡುಗ ತಾನಾಗಿಯೇ ಎದ್ದು ನಿಂತು, ಇನ್ನೊಮ್ಮೆ ಲೆಕ್ಕ ಮಾಡಿ ತೋರಿಸಿ ಎಂದ.

ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗವು ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳು ಜೂಜೇ ಎಂದು 2018ರಲ್ಲಿಯೇ ಹೇಳಿತು. ನಮ್ಮಲ್ಲಿ ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿದೆ. ಪಣಕ್ಕಿಟ್ಟ ಹಣ ತಿರುಗಿ ಬರಬಹುದೆಂಬ ಆಸೆ ಅಲ್ಲಿ, ಆಟದ ಪಾತ್ರಕ್ಕೆ ತೊಡಿಸುವ ಬಣ್ಣದ ಅಂಗಿಯ ಆಸೆ ಇಲ್ಲಿ. ಮಗುವಿನ ಮನಸ್ಸಿನಲ್ಲಿ ನಡೆಯುವುದು ಒಂದೇ ಎಂದು ನನ್ನ ಅನುಭವ ಹೇಳುತ್ತದೆ.

ಕಿವಿಯ ಆಟಗಾರ

ಇಲ್ಲಿಯವರೆಗಿನ ಮಾತುಗಳನ್ನು ಫೋನು ಓದಿ ಹೇಳಿತು, ಶ್ರದ್ಧೆಯಿಂದ ಕೇಳಿದೆ. ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಗ್ಲಾಕೋಮದಿಂದ ದೃಷ್ಟಿ ಕಳೆದುಕೊಂಡವನು. ನೀವು ನೆನೆಯುತ್ತಿರುವ ಆ ಹಳೆಯ ಆಟಗಳಲ್ಲಿ ನನಗೆ ಜಾಗ ಇರಲಿಲ್ಲ. ಅಕ್ಕ ಆಡುತ್ತಿದ್ದಳು, “ಈಗ ಹಾರಿದ, ಈಗ ಕೊಳವೆಯೊಳಗೆ ಇಳಿದ” ಎಂದು ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಸಂಗೀತ ಕೇಳುತ್ತಿದ್ದೆ. ಅವಳಿಗೆ ಮದುವೆಯಾದ ಮೇಲೆ ಅದೂ ನಿಂತಿತು.

2020ರಲ್ಲಿ ಬಂದ ದಿ ಲಾಸ್ಟ್ ಆಫ್ ಅಸ್ ಭಾಗ 2 ಎಂಬ ಆಟದಲ್ಲಿ ಅಂಗವಿಕಲರಿಗೆ ನೆರವಾಗುವ 60ಕ್ಕೂ ಹೆಚ್ಚು ಸೌಲಭ್ಯಗಳಿದ್ದವು. ಗುಂಡಿಯೊಂದನ್ನು ಒತ್ತಿದರೆ ಪಾತ್ರವು ಮುಂದೆ ಹೋಗಬೇಕಾದ ದಿಕ್ಕಿಗೆ ತಿರುಗುತ್ತದೆ. ಶತ್ರು ಯಾವ ಬದಿಯಲ್ಲಿದ್ದಾನೆ, ಎತ್ತಿಕೊಳ್ಳುವ ವಸ್ತು ಎಲ್ಲಿದೆ, ಎಲ್ಲಿ ಹಾರಬೇಕು ಎಂಬುದಕ್ಕೆಲ್ಲ ಬೇರೆ ಬೇರೆ ಸದ್ದುಗಳಿವೆ. ಪರದೆಯ ಮೇಲಿನ ಬರಹವನ್ನು ಯಂತ್ರವೇ ಓದಿ ಹೇಳುತ್ತದೆ. ನಾನು ಆ ಆಟವನ್ನು ಯಾರ ಸಹಾಯವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಆಡಿ ಮುಗಿಸಿದೆ. ನನ್ನ ಬದುಕಿನಲ್ಲಿ ನಾನೇ ಮುಗಿಸಿದ ಮೊದಲ ವಿಡಿಯೊ ಗೇಮ್ ಅದು, ಆಗ ನನಗೆ 33 ವರ್ಷ. ರಾತ್ರಿ ಎರಡು ಗಂಟೆಗೆ ಅಕ್ಕನಿಗೆ ಫೋನ್ ಮಾಡಿದೆ. 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್ ಆಟದಲ್ಲಿ ತಿರುವು ಎಷ್ಟು ಹತ್ತಿರವಿದೆ, ಯಾವಾಗ ಬ್ರೇಕ್ ಹಾಕಬೇಕು ಎಂಬುದನ್ನೂ ಕಿವಿಗೇ ಹೇಳುವ ವ್ಯವಸ್ಥೆ ಬಂದಿದೆ. ನಾನು ಎಂದೂ ಕಾರು ಓಡಿಸಿದವನಲ್ಲ, ಆ ಆಟದಲ್ಲಿ ಓಡಿಸುತ್ತೇನೆ. 40 ಕಿಲೋಬೈಟಿನ ಕ್ಯಾಸೆಟ್ಟಿನಲ್ಲಿ ಇದಕ್ಕೆಲ್ಲ ಎಡೆ ಇರಲಿಲ್ಲ. ಬದಲಾವಣೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಅಟ್ಟದ ಪೆಟ್ಟಿಗೆ

ಕಿವಿಯ ಆಟಗಾರರೇ, ನಿಮ್ಮ ಬರಹವನ್ನು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಾನು ಕಳೆದುಕೊಂಡದ್ದನ್ನು ಮಾತ್ರ ಎಣಿಸುತ್ತಿದ್ದೆ. ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.

ಮೂಲೆ ಕಂಪ್ಯೂಟರ್

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜಿನ ಎದುರಿನ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡುತ್ತಿದ್ದವರಲ್ಲಿ ನಾನೊಬ್ಬ. ಎಂಟು ಕಂಪ್ಯೂಟರುಗಳಿಗೆ ಒಂದೇ ಲ್ಯಾನ್ ವೈರು, ಇಂಟರ್‌ನೆಟ್ ಬೇಕಾಗಿಯೇ ಇರಲಿಲ್ಲ. ಎಲ್ಲರ ಆಟವನ್ನೂ ನಡೆಸುವ ಸರ್ವರ್ ನಮ್ಮಲ್ಲೊಬ್ಬನ ಕಂಪ್ಯೂಟರೇ. ಸತ್ತವನು ಕೂಗಿದರೆ ಕೊಂದವನಿಗೆ ನೇರವಾಗಿ ಕೇಳುತ್ತಿತ್ತು. ಅಣ್ಣನ ಮಗ ಈಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗುವಾಹಟಿ, ನಾಗಪುರದ ಗೆಳೆಯರೊಂದಿಗೆ ಆಡುತ್ತಾನೆ. ಅವರಲ್ಲಿ ಯಾರನ್ನೂ ಅವನು ಕಂಡಿಲ್ಲ, ಆದರೂ ಅವನಿಗೆ ಹುಷಾರಿಲ್ಲದಾಗ ಅವರೇ ಮೊದಲು ವಿಚಾರಿಸಿದರು. ಅದು ಸುಳ್ಳು ಸ್ನೇಹ ಎಂದು ನಾನು ಹೇಳಲಾರೆ.

ಆದರೆ ಅಂಗಳ ಯಾರದು ಎಂಬ ಪ್ರಶ್ನೆ ಇದೆಯಲ್ಲ, ಅದು ನನ್ನನ್ನು ಕಾಡುತ್ತದೆ. ಪಬ್‌ಜಿ ಮೊಬೈಲ್ 2018ರಲ್ಲಿ ಬಂತು, 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು, 2022ರ ಜುಲೈನಲ್ಲಿ ಅದನ್ನೂ ತಡೆಹಿಡಿಯಲಾಯಿತು, 2023ರಲ್ಲಿ ಮತ್ತೆ ತೆರೆಯಿತು. ಆ ನಿರ್ಧಾರಗಳು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಾನು ಹೇಳುವುದು ಇಷ್ಟೇ: ಆಟವು ಎಲ್ಲೋ ಇರುವ ಸರ್ವರ್‌ನಲ್ಲಿ ಇದ್ದುದರಿಂದ ಅದನ್ನು ತೆರೆಯಲೂ ಮುಚ್ಚಲೂ ಸಾಧ್ಯವಾಯಿತು. ನಮ್ಮ ಎಂಟು ಕಂಪ್ಯೂಟರುಗಳ ಅಂಗಳವನ್ನು ಮುಚ್ಚಬೇಕಾದರೆ ಸೆಂಟರ್ ಮಾಲೀಕರೇ ಬಂದು ಫ್ಯೂಸ್ ತೆಗೆಯಬೇಕಿತ್ತು.

ಡಬ್ಲಿನ್ ಕನ್ನಡಿಗ

ಮೂಲೆ ಕಂಪ್ಯೂಟರ್ ಅವರು ಕೇಳಿದ ಪ್ರಶ್ನೆಯೇ ಈಗ ಯುರೋಪಿನಲ್ಲಿ ದೊಡ್ಡದಾಗಿದೆ. ಯುಬಿಸಾಫ್ಟ್ ಕಂಪನಿಯು 2014ರಲ್ಲಿ ಮಾರಿದ ದಿ ಕ್ರೂ ಎಂಬ ಕಾರಿನ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬರೇ ಕುಳಿತು ಆಡುವುದಕ್ಕೂ ಸರ್ವರ್ ಬೇಕಾಗಿದ್ದರಿಂದ, ಡಿಸ್ಕ್ ಕೈಯಲ್ಲಿದ್ದವರಿಗೂ ಆಟ ತೆರೆಯಲಿಲ್ಲ. ಅದರ ಬೆನ್ನಿಗೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಹುಟ್ಟಿತು. ಮಾರಿದ ಆಟವನ್ನು ನಿಲ್ಲಿಸುವ ಮುನ್ನ ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬ ಅದರ ಮನವಿಗೆ ಯುರೋಪಿಯನ್ ಒಕ್ಕೂಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ನಾನು ಇಲ್ಲಿಯ ಪೌರನಾಗಿರುವುದರಿಂದ ನನ್ನದೂ ಒಂದು ಸಹಿ ಅದರಲ್ಲಿದೆ.

ಹಾಗೆಂದು ಕ್ಯಾಸೆಟ್ಟು ಶಾಶ್ವತವೆಂದೂ ಭಾವಿಸಬೇಡಿ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳ ಪೈಕಿ ಶೇ 87ರಷ್ಟು ಆಗ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತಿರಲಿಲ್ಲ. ಅವನ್ನು ಉಳಿಸಿರುವುದು ಹವ್ಯಾಸಿಗಳು. ಅಟ್ಟದ ಪೆಟ್ಟಿಗೆಯವರ ಬಂದೂಕನ್ನೇ ನೋಡಿ, ಆಟ ಉಳಿದಿದೆ, ಬಂದೂಕು ಉಳಿದಿದೆ, ಅವೆರಡರ ನಡುವೆ ಇದ್ದ ಟಿವಿ ಹೋಗಿದೆ.

ಹಿನ್ನೆಲೆ ಮರ

ನಾನು ಬೆಂಗಳೂರಿನ ಸ್ಟುಡಿಯೊವೊಂದರಲ್ಲಿ ಆಟಗಳ ಹಿನ್ನೆಲೆಗೆ ಬೇಕಾದ ಮರಗಿಡ, ಕಲ್ಲುಬಂಡೆಗಳನ್ನು ರೂಪಿಸುವವಳು. ಆಟಗಳು ಮುಗಿಯದಂತಾದದ್ದು ಏಕೆ ಎಂಬುದಕ್ಕೆ ಒಳಗಿನಿಂದ ಕಾಣುವ ಒಂದು ಕಾರಣವನ್ನು ಹೇಳುತ್ತೇನೆ.

1980ರಲ್ಲಿ ಬಂದ ಅಡ್ವೆಂಚರ್ ಎಂಬ ಆಟವನ್ನು ವಾರೆನ್ ರಾಬಿನೆಟ್ ಒಬ್ಬರೇ ಬರೆದಿದ್ದರು. ಅಟಾರಿ ಕಂಪನಿ ಆಗ ರಚಿಸಿದವರ ಹೆಸರನ್ನು ಎಲ್ಲಿಯೂ ಹಾಕುತ್ತಿರಲಿಲ್ಲವಾದ್ದರಿಂದ, ಅವರು ಯಾರಿಗೂ ಹೇಳದೆ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ ತಮ್ಮ ಹೆಸರನ್ನು ಅಲ್ಲಿ ಬರೆದಿಟ್ಟರು. 2018ರ ರೆಡ್ ಡೆಡ್ ರಿಡೆಂಪ್ಶನ್ 2 ಆಟಕ್ಕೆ ಬನ್ನಿ. ಸಾವಿರಕ್ಕೂ ಹೆಚ್ಚು ಜನ ಸುಮಾರು ಎಂಟು ವರ್ಷ ದುಡಿದಿದ್ದಾರೆ, ಕಂಪ್ಯೂಟರಿನಲ್ಲಿ ಅದು ಕೇಳುವ ಜಾಗ 150 ಗಿಗಾಬೈಟ್, ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಸ್ಟುಡಿಯೊದ ಪಾಲೂ ಅದರಲ್ಲಿದೆ. ಅಷ್ಟು ಜನರ ಎಂಟು ವರ್ಷದ ಸಂಬಳವನ್ನು ಒಂದು ಸಲದ ಮಾರಾಟದಿಂದ ಗಳಿಸುವುದು ಕೆಲವೇ ಕಂಪನಿಗಳಿಗೆ ಸಾಧ್ಯ. ಉಳಿದವರು ಪ್ರತಿ ತಿಂಗಳೂ ಹಣ ಬರುವ ದಾರಿ ಹುಡುಕುತ್ತಾರೆ. ಚಿತ್ರ ಚೆಂದವಾದದ್ದಕ್ಕೂ ಆಟ ಮುಗಿಯದಂತಾದದ್ದಕ್ಕೂ ಇರುವ ನಂಟು ಇದು.

ನಮ್ಮೂರಿನ ಪಾತ್ರವೂ ಹಳೆಯದು. 1997ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ನಮ್ಮ ದೇಶದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಹೊರದೇಶದ ದೊಡ್ಡ ಆಟಗಳಿಗೆ ಕಲಾಕೆಲಸ ಮಾಡುತ್ತ ಬೆಳೆದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡುಕೊಂಡಿತು. ನಾವು ಎರಡು ದಶಕ ಬೇರೆಯವರ ಕಥೆಗಳಿಗೆ ಮರ ನೆಟ್ಟಿದ್ದೇವೆ. ಪುಣೆಯ ಸಣ್ಣ ತಂಡವೊಂದು ತಾನೇ ರೂಪಿಸಿದ ರಾಜಿ ಎಂಬ ಆಟ 2020ರಲ್ಲಿ ಹೊರಬಂದಾಗ ನನಗಾದ ಸಂತೋಷ ಹೇಳತೀರದು. ಅದು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ನಿಮ್ಮ ಮಗಳಿಗೆ ಅದನ್ನು ಕೊಡಿಸಿ ನೋಡಿ. ಸಣ್ಣ ತಂಡಗಳು ಮಾಡುವ, ಒಮ್ಮೆ ಕೊಂಡು ಆಡಿ ಮುಗಿಸುವ ಆಟಗಳು ಈಗಲೂ ಬರುತ್ತಲೇ ಇವೆ, ಅವು ಜಾಹೀರಾತಿನಲ್ಲಿ ಕಾಣುವುದಿಲ್ಲ ಅಷ್ಟೇ.

ಅಟ್ಟದ ಪೆಟ್ಟಿಗೆ

ನಿನ್ನೆ ತೀರ್ಥಹಳ್ಳಿಗೆ ಹೋಗಿ ಬಂದೆವು. ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಅಡಿಕೆ ಚೀಲಗಳ ನಡುವೆ ಪಿಕ್ಚರ್ ಟ್ಯೂಬಿನ 21 ಇಂಚಿನ ಟಿವಿ ಇತ್ತು. ಬಿಟ್ಟು ಬೈಟು ಅವರು ಹೇಳಿದಂತೆಯೇ ಆಯಿತು, ಮೊದಲ ಗುಂಡಿಗೇ ಬಾತುಕೋಳಿ ಬಿತ್ತು. ಮಗಳು ಕತ್ತಲೆಯ ಕ್ಷಣವನ್ನು ಹಿಡಿಯಬೇಕೆಂದು ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದಳು. ಕಪ್ಪು ಪರದೆ, ಅದರ ನಡುವೆ ಬಿಳಿಯ ಚೌಕ, ಎರಡೂ ಸ್ಪಷ್ಟವಾಗಿ ಕಂಡವು. ಅರವತ್ತೆಂಟು ವರ್ಷದ ಚಿಕ್ಕಮ್ಮ ಒಂಬತ್ತನೆಯ ಸುತ್ತಿನವರೆಗೆ ಹೋದರು. ಅಷ್ಟರಲ್ಲಿ ಕರೆಂಟ್ ಹೋಯಿತು.

ಟಿವಿಯನ್ನು ಮನೆಗೆ ತಂದಿದ್ದೇನೆ. ಬಂದೂಕಿನ ಟ್ರಿಗರ್‌ನ ಸ್ಪ್ರಿಂಗ್ ಸಡಿಲವಾಗಿದ್ದು ಎರಡು ಸಲ ಎಳೆದರೆ ಒಂದು ಸಲ ಮಾತ್ರ ಹಿಡಿಯುತ್ತಿದೆ. ಶಿವಮೊಗ್ಗದಲ್ಲಿ ಇಂಥದ್ದನ್ನು ರಿಪೇರಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.